ಮೂರು ಗೆರೆಯ ವಿಭೂತಿ

ಶಿರಸಿಯ ಅಕ್ಕನ ಹಪ್ಪಳ, ಉಪ್ಪಿನಕಾಯಿ ಮಾರೋ ವೆಬ್‌ಸೈಟ್ ಮಾಡಿಕೊಟ್ಟವನು ನಾನೇ. ಜನ ಬರ್ತಾರೆ, ನೋಡ್ತಾರೆ, ಏನೂ ಕೊಳ್ಳದೆ ಹೋಗ್ತಾರೆ. ನಿನ್ನೆ ಅಮ್ಮನ ಕೈಗೆ ಮೊಬೈಲ್ ಕೊಟ್ಟು, "ಒಂದು ಕಟ್ಟು ಹಲಸಿನ ಹಪ್ಪಳ ಆರ್ಡರ್ ಮಾಡಮ್ಮ, ನೋಡೋಣ" ಅಂದೆ. ಎಲ್ಲೆಲ್ಲೋ ಒತ್ತಿದಳು, ಮೂಲೆಯಲ್ಲಿ, ಒತ್ತಿದರೆ ಮೆನು ತೆರೆಯೋ ಆ ಮೂರು ಗೆರೆ ಮಾತ್ರ ಮುಟ್ಟಲಿಲ್ಲ. ಯಾಕಮ್ಮ ಅಂದರೆ, "ಅದು ವಿಭೂತಿ ಅಲ್ವೇನೋ? ಚಂದಕ್ಕೆ ಹಾಕಿದ್ದೀಯ ಅಂದ್ಕೊಂಡೆ!"

ಆ ಗೆರೆ ಬರೆದವರು ನಾರ್ಮ್ ಕಾಕ್ಸ್, 1981ರ ಜೆರಾಕ್ಸ್ ಸ್ಟಾರ್ ಕಂಪ್ಯೂಟರಿಗೆ. ಒಂದು ಪಟ್ಟಿಯ ಹಾಗೆ ಕಾಣಲಿ ಅಂತ. ಅವರದ್ದೇನೂ ತಪ್ಪಿಲ್ಲ ಬಿಡಿ. ನನ್ನ ಮೆನುವಿನಲ್ಲಿ ಇದ್ದದ್ದೇ ನಾಲ್ಕು ಬಾಬ್ತು, ಅದನ್ನೂ ಬಚ್ಚಿಟ್ಟಿದ್ದೆ. ಒಳಗೆ ಹೋದರೂ ಹಪ್ಪಳ ಅನ್ನೋ ಮಾತೇ ಇಲ್ಲ, "ನಮ್ಮ ಉತ್ಪನ್ನಗಳು" ಅಂತ ಸರ್ಕಾರಿ ಕನ್ನಡ.

ರಾತ್ರಿ ಕೂತು ಗೆರೆ ಅಳಿಸಿದೆ. ಹಪ್ಪಳ, ಉಪ್ಪಿನಕಾಯಿ, ಚಟ್ನಿಪುಡಿ, ಫೋನ್ ಮಾಡಿ: ನಾಲ್ಕನ್ನೂ ಕೆಳಗಡೆ, ಹೆಬ್ಬೆರಳಿಗೆ ಸಿಗೋ ಹಾಗೆ ಸಾಲಾಗಿಟ್ಟೆ. "ಮೊದಲು ಖಾತೆ ತೆರೆಯಿರಿ" ಅನ್ನೋದನ್ನೂ ಕಿತ್ತುಹಾಕಿದೆ. ಸಂತೆಯಲ್ಲಿ ಹೆಸರು ಬರೆಸಿಕೊಂಡು ಯಾರು ಮೆಣಸಿನಕಾಯಿ ತೂಗ್ತಾರೆ?

ಬೆಳಗ್ಗೆ ನೋಡಿದರೆ ಅಮ್ಮನದೇ ಮೊದಲ ಆರ್ಡರ್. ಎರಡು ಕಟ್ಟು. ದುಡ್ಡು ಕೊಡೋಕೆ ನನ್ನ ನಂಬರ್ ಹಾಕಿದ್ದಾಳೆ.