ತಂದೆಯ ಉದ್ಯೋಗ ಎಂಬ ಕಾಲಂ

ಮೈಸೂರಿನ ಹೂಟಗಳ್ಳಿಯ ಕೈಗಾರಿಕಾ ಪ್ರದೇಶದಲ್ಲಿರುವ ನಮ್ಮ ಕಾರ್ಖಾನೆಯಲ್ಲಿ ಕಳೆದ ವರ್ಷ ಸ್ಟೋರ್ಸ್ ಸಹಾಯಕನ ಒಂದೇ ಒಂದು ಹುದ್ದೆಗೆ 83 ಅರ್ಜಿಗಳು ಬಂದಿದ್ದವು. ಅವನ್ನೆಲ್ಲ ಒಂದು ರಟ್ಟಿನ ಪೆಟ್ಟಿಗೆಯಲ್ಲಿ ತುಂಬಿ ನನ್ನ ಮೇಜಿನ ಮೇಲಿಟ್ಟು, ಊಟದ ಹೊತ್ತಿಗೆ ಹತ್ತು ಮಂದಿಯನ್ನು ಆರಿಸಿಕೊಡಿ ಎಂದು ಹೇಳಿ ಹೋದರು. ನಾನು ಲೆಕ್ಕಪತ್ರ ವಿಭಾಗದವನು, ಜನರನ್ನು ಆರಿಸುವುದು ನನ್ನ ಕಸುಬಲ್ಲ. ಆದರೆ ಸಣ್ಣ ಕಂಪನಿಗಳಲ್ಲಿ ಹಳಬನಾದವನ ಕೊರಳಿಗೆ ಇಂಥ ಕೆಲಸಗಳೆಲ್ಲ ಒಂದೊಂದಾಗಿ ಬಂದು ಬೀಳುತ್ತವೆ. ಹನ್ನೊಂದಕ್ಕೆ ಶುರು ಮಾಡಿದವನು ಮುಕ್ಕಾಲು ಗಂಟೆಯಲ್ಲಿ ಮುಗಿಸಿದೆ. ಭಾಗಿಸಿ ನೋಡಿದರೆ ಒಂದು ಅರ್ಜಿಗೆ ಸುಮಾರು ಅರ್ಧ ನಿಮಿಷ ಸಿಕ್ಕಿತು. ನಡುವೆ ಕಾಫಿಗೆ ಎದ್ದು ಹೋದದ್ದನ್ನು ಕಳೆದರೆ ಅಷ್ಟೂ ಇಲ್ಲ.

ಆ ಅರ್ಧ ನಿಮಿಷದಲ್ಲಿ ನಾನು ಏನನ್ನು ನೋಡಿದೆ ಎಂಬ ಪ್ರಶ್ನೆ ಅಂದು ಸಂಜೆ ರಿಂಗ್ ರಸ್ತೆಯಲ್ಲಿ ಸ್ಕೂಟರ್ ಓಡಿಸುತ್ತ ಮನೆಗೆ ಹೋಗುವಾಗ ಎದ್ದಿತು, ಮತ್ತು ಅದಕ್ಕೆ ಸಿಕ್ಕ ಉತ್ತರ ನನಗೆ ಹಿಡಿಸಲಿಲ್ಲ. ಕೂಲಿಂಗ್ ಗ್ಲಾಸ್ ಹಾಕಿಕೊಂಡ ಫೋಟೊ ಅಂಟಿಸಿದ್ದವನನ್ನು ಮೊದಲು ಬದಿಗೆ ಹಾಕಿದ್ದೆ. ಇಮೇಲ್ ವಿಳಾಸದಲ್ಲಿ ಸಿನಿಮಾ ನಟನ ಬಿರುದು ಸೇರಿಸಿಕೊಂಡಿದ್ದವನೂ ಅದೇ ದಾರಿ ಹಿಡಿದ. ಹತ್ತನೆಯ ತರಗತಿಯಲ್ಲಿ 41 ಪರ್ಸೆಂಟ್ ತೆಗೆದವನು, ಪಿಯುಸಿ ಆದ ಮೇಲೆ ಮೂರು ವರ್ಷ ಖಾಲಿ ಬಿಟ್ಟಿದ್ದವನು, ಇಂಗ್ಲಿಷಿನಲ್ಲಿ ಒಂದೇ ವಾಕ್ಯಕ್ಕೆ ಎರಡು ತಪ್ಪು ಮಾಡಿದ್ದವನು, ಹೀಗೆ ಪೆಟ್ಟಿಗೆ ಹಗುರವಾಗುತ್ತ ಹೋಯಿತು. ಸ್ಟೋರ್ಸ್ ಸಹಾಯಕ ಮಾಡಬೇಕಾದ ಕೆಲಸವಾದರೂ ಏನು? ಬಂದ ಮಾಲನ್ನು ಅದರ ಜೊತೆಗೆ ಬರುವ ಪಟ್ಟಿಯೊಂದಿಗೆ, ಅಂದರೆ ಚಲನ್ನಿನೊಂದಿಗೆ, ತಾಳೆ ನೋಡಬೇಕು, ಸಾಮಾನು ಬಂದದ್ದು ಹೋದದ್ದನ್ನು ದಾಖಲಿಸುವ ಬಿನ್ ಕಾರ್ಡಿನಲ್ಲಿ ಆ ಕ್ಷಣವೇ ಬರೆಯಬೇಕು, ಎಂ 8 ಅಳತೆಯ ಬೋಲ್ಟಿನ ಡಬ್ಬಿಯೊಳಗೆ ಎಂ 10 ಸೇರದಂತೆ ಕಾಯಬೇಕು, ಮೊದಲು ಬಂದದ್ದನ್ನು ಮೊದಲು ಕೊಡಬೇಕು. ಇವುಗಳಲ್ಲಿ ಒಂದನ್ನಾದರೂ ಅರಿಯಲು ನೆರವಾಗುವ ಯಾವುದನ್ನೂ ನಾನು ನೋಡಿರಲಿಲ್ಲ. ಸುಲಭವಾಗಿ ಕಣ್ಣಿಗೆ ಬೀಳುವುದನ್ನು ಅಳೆದು, ಬೇಕಾದದ್ದನ್ನು ಅಳೆದೆ ಎಂದುಕೊಂಡಿದ್ದೆ.

ಇದೇ ತಕ್ಕಡಿಯಲ್ಲಿ ನಾನೂ ಒಮ್ಮೆ ಕೂತವನೇ. ಬಿ.ಕಾಂ. ಮುಗಿಸಿ, ಮಂಡ್ಯದಿಂದ ಬೆಳಗಿನ ರೈಲು ಹಿಡಿದು ಮೈಸೂರಿಗೆ ಮೊದಲ ಸಂದರ್ಶನಕ್ಕೆ ಬಂದಾಗ ನನ್ನ ಬಳಿ ಇದ್ದ ಇಸ್ತ್ರಿ ಮಾಡಿದ ಅಂಗಿ ಒಂದೇ. ಅದು ಸುಕ್ಕಾಗಬಾರದೆಂದು ಮಂಡ್ಯದಿಂದ ಮೈಸೂರಿನವರೆಗೆ ನಿಂತುಕೊಂಡೇ ಬಂದಿದ್ದೆ. ಮೇಜಿನಾಚೆ ಕೂತಿದ್ದ ಮೂವರಲ್ಲಿ ಹಿರಿಯರು ಕೇಳಿದ ಮೊದಲ ಪ್ರಶ್ನೆ, "ನಿಮ್ಮ ತಂದೆ ಏನು ಮಾಡುತ್ತಾರೆ?" ನನ್ನ ತಂದೆ ಆಲೆಮನೆಯಲ್ಲಿ ಪಾಕ ನೋಡುವ ಕೆಲಸದಲ್ಲಿದ್ದರು. ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲು ಯಾವ ಗಳಿಗೆಗೆ ಇಳಿಸಬೇಕಾದ ಹದಕ್ಕೆ ಬರುತ್ತದೆ ಎಂಬುದನ್ನು, ಒಂದು ತೊಟ್ಟನ್ನು ತಣ್ಣೀರಿಗೆ ಬಿಟ್ಟು ಬೆರಳಿನಲ್ಲಿ ಉಂಡೆ ಮಾಡಿ ನೋಡಿ ಹೇಳುತ್ತಿದ್ದರು. ಸ್ವಲ್ಪ ತಡವಾದರೆ ಬೆಲ್ಲ ಕಪ್ಪಾಗುತ್ತದೆ, ಬೇಗ ಇಳಿಸಿದರೆ ಅಚ್ಚಿನಲ್ಲಿ ನಿಲ್ಲುವುದಿಲ್ಲ. ಇದನ್ನೆಲ್ಲ ಆ ಮೇಜಿನ ಮುಂದೆ ಹೇಳಲು ನಾಚಿಕೆಯಾಗಿ "ಅಗ್ರಿಕಲ್ಚರ್ ಸರ್" ಎಂದೆ. ಎಷ್ಟು ಎಕರೆ ಎಂದರು. ಮುಕ್ಕಾಲು ಎಕರೆ ಎನ್ನಲು ನಾಲಗೆ ತಡವರಿಸಿತು. ಮುಂದಿನ ಪ್ರಶ್ನೆಗೆ ಉತ್ತರಿಸುವಾಗ ಹಾರ್ಡ್ ವರ್ಕ್ ಎನ್ನಬೇಕಾದ ಕಡೆ, ನಮ್ಮ ಕಡೆಯವರ ನಾಲಗೆಗೆ ಹಕಾರ ಒಲಿಯದ ಕಾರಣ, ಆರ್ಡ್ ವರ್ಕ್ ಎಂದುಬಿಟ್ಟೆ. ಮೂವರಲ್ಲಿ ಕಿರಿಯರಾಗಿದ್ದವರು ಪೆನ್ನಿನ ಮುಚ್ಚಳ ಕಚ್ಚಿಕೊಂಡು ನಗು ತಡೆದರು. ಲೆಡ್ಜರ್ ಬಗ್ಗೆಯಾಗಲಿ, ಸವಕಳಿ ಲೆಕ್ಕ ಹಾಕುವ ಬಗ್ಗೆಯಾಗಲಿ ಒಂದು ಮಾತನ್ನೂ ಕೇಳಲಿಲ್ಲ. ತಿಳಿಸುತ್ತೇವೆ ಎಂದರು, ಇಂದಿಗೂ ತಿಳಿಸಿಲ್ಲ.

ತಂದೆಯ ಉದ್ಯೋಗವನ್ನು ಕೇಳುವುದು ಮಾತಿಗೆ ಎಳೆಯುವ ಸೌಜನ್ಯವಷ್ಟೇ ಎಂದು ಹೇಳುವವರಿದ್ದಾರೆ, ಕೆಲವರ ಮಟ್ಟಿಗೆ ಅದು ನಿಜವೂ ಇರಬಹುದು. ಆದರೆ ನಮ್ಮ ಸೀಮೆಯಲ್ಲಿ ಆ ಪ್ರಶ್ನೆಯ ಬೆನ್ನಿಗೇ "ಯಾವ ಕಡೆಯವರು?" ಎಂಬುದು ಬರುತ್ತದೆ, ಊರಿನ ಹೆಸರು ಹೇಳಿದರೆ "ಅದಲ್ಲ, ನಿಮ್ಮ ಪೈಕಿ ಯಾರು?" ಎಂಬುದು ಬರುತ್ತದೆ, ಆಗ ಕೇಳುವವರಿಗೂ ಹೇಳುವವರಿಗೂ ಪ್ರಶ್ನೆ ಏನೆಂಬುದು ಚೆನ್ನಾಗಿಯೇ ಗೊತ್ತಿರುತ್ತದೆ. (ನನ್ನ ಜಾತಿಯನ್ನು ಇಲ್ಲಿ ಬರೆಯುತ್ತಿಲ್ಲ, ಬರೆದರೆ ಓದುವವರಲ್ಲಿ ಅರ್ಧ ಮಂದಿ ಮುಂದಿನ ಸಾಲುಗಳನ್ನು ಅದರ ಮೂಲಕವೇ ಓದುತ್ತಾರೆ.) ಸಮಾಜಶಾಸ್ತ್ರಜ್ಞರಾದ ಸುರಿಂದರ್ ಜೋಧ್ಕಾ ಮತ್ತು ಕ್ಯಾಥರೀನ್ ನ್ಯೂಮನ್ ದೊಡ್ಡ ಕಂಪನಿಗಳ ನೇಮಕಾತಿ ಅಧಿಕಾರಿಗಳನ್ನೇ ಮಾತನಾಡಿಸಿ 2007ರಲ್ಲಿ ಒಂದು ಲೇಖನ ಪ್ರಕಟಿಸಿದರು. ಆ ಅಧಿಕಾರಿಗಳು ತಾವು ಜಾತಿ ನೋಡುವುದಿಲ್ಲ, ಅರ್ಹತೆಯನ್ನಷ್ಟೇ ನೋಡುತ್ತೇವೆ ಎನ್ನುತ್ತಲೇ, ಅದೇ ಉಸಿರಿನಲ್ಲಿ ಅಭ್ಯರ್ಥಿಯ ಕುಟುಂಬದ ಹಿನ್ನೆಲೆ ಬಹಳ ಮುಖ್ಯ ಎಂದೂ ಹೇಳಿದ್ದರು. ಅದೇ ವರ್ಷ ಸಂಶೋಧಕರಾದ ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ ಇನ್ನೊಂದು ಪ್ರಯೋಗದ ಫಲವನ್ನು ಮುಂದಿಟ್ಟರು. ಇಂಗ್ಲಿಷ್ ಪತ್ರಿಕೆಗಳಲ್ಲಿ ಬಂದ ಖಾಸಗಿ ಕಂಪನಿಗಳ ಜಾಹೀರಾತುಗಳಿಗೆ ಅವರು ಸಾವಿರಾರು ಅರ್ಜಿಗಳನ್ನು ಕಳಿಸಿದ್ದರು. ಓದು ಮತ್ತು ಅನುಭವ ಒಂದೇ, ಹೆಸರು ಮಾತ್ರ ಬೇರೆ. ಮೇಲ್ಜಾತಿಯದೆಂದು ಗುರುತಾಗುವ ಹೆಸರಿಗೆ ಕರೆ ಬರುವ ಸಂಭವವನ್ನು ಒಂದು ಎಂದಿಟ್ಟುಕೊಂಡರೆ, ದಲಿತ ಹೆಸರಿಗೆ ಅದು 0.67, ಮುಸ್ಲಿಂ ಹೆಸರಿಗೆ 0.33. ಅಲ್ಲಿ ಹಕಾರ ತಪ್ಪುವ ನಾಲಗೆ ಇರಲಿಲ್ಲ, ಸುಕ್ಕಾದ ಅಂಗಿ ಇರಲಿಲ್ಲ, ಮುಖವೇ ಇರಲಿಲ್ಲ. ಇಂಥ ತೀರ್ಮಾನಗಳೂ ನನ್ನ ಅರ್ಧ ನಿಮಿಷದಂಥ ಅರ್ಧ ನಿಮಿಷಗಳಲ್ಲೇ ಆಗಿರುತ್ತವೆ.

ಅರ್ಹತೆ ಎಂದರೆ ಏನು ಎಂಬ ಜಗಳ ಮೈಸೂರಿಗೆ ಹೊಸದಲ್ಲ. ಸಂಸ್ಥಾನದ ಸರ್ಕಾರಿ ಹುದ್ದೆಗಳಲ್ಲಿ ಬ್ರಾಹ್ಮಣೇತರರಿಗೆ ಜಾಗವೇ ಇಲ್ಲವೆಂದು ಪ್ರಜಾಮಿತ್ರ ಮಂಡಳಿ ಎಂಬ ಸಂಘಟನೆಯವರು ಮನವಿ ಸಲ್ಲಿಸಿದಾಗ, ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಮುಖ್ಯ ನ್ಯಾಯಾಧೀಶರಾಗಿದ್ದ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿದರು. ಜಾತಿ ನೋಡಿ ಹುದ್ದೆ ಕೊಟ್ಟರೆ ಆಡಳಿತದ ದಕ್ಷತೆ ಕುಸಿಯುತ್ತದೆ ಎಂಬ ಆತಂಕ ದಿವಾನ್ ವಿಶ್ವೇಶ್ವರಯ್ಯನವರದಾಗಿತ್ತು. ಆ ಹೊತ್ತಿನಲ್ಲಿಯೇ ಅವರು ದಿವಾನಗಿರಿ ಬಿಟ್ಟರು. ಮಿಲ್ಲರ್ ಸಮಿತಿ ತನ್ನ ವರದಿಯಲ್ಲಿ ಆ ದಕ್ಷತೆ ಎಂಬ ಪದವನ್ನೇ ಹಿಡಿದು ವಿಚಾರಿಸಿತು. ಪರೀಕ್ಷೆಯ ಅಂಕವೊಂದೇ ದಕ್ಷತೆಯ ಅಳತೆಯಲ್ಲ, ಅನುಕಂಪ, ಪ್ರಾಮಾಣಿಕತೆ, ಹುರುಪು, ವ್ಯವಹಾರಜ್ಞಾನ ಇವೂ ಒಬ್ಬ ಅಧಿಕಾರಿಯನ್ನು ಅಷ್ಟೇ ದಕ್ಷನನ್ನಾಗಿ ಮಾಡುತ್ತವೆ ಎಂಬುದು ಅದರ ನಿಲುವು. ನೂರು ವರ್ಷಗಳ ಹಿಂದೆ ಇದೇ ಊರಿನ ಆಡಳಿತ ಕೇಳಿಕೊಂಡ ಪ್ರಶ್ನೆಯನ್ನು ನಮ್ಮ ಕಾರ್ಖಾನೆ ಇನ್ನೂ ಕೇಳಿಕೊಂಡಿರಲಿಲ್ಲ. ಆದರೆ ಸಮಿತಿ ಹೇಳಿದ ಗುಣಗಳನ್ನು ಅಳೆಯುವುದು ಅಂಕ ಅಳೆದಷ್ಟು ಸುಲಭವಲ್ಲ ಎಂಬುದನ್ನೂ ಒಪ್ಪಬೇಕು. ನೋಡಿದ ಕೂಡಲೇ ಮನುಷ್ಯ ಎಂಥವನೆಂದು ಹೇಳಿಬಿಡುತ್ತೇನೆ ಎನ್ನುವ ಮ್ಯಾನೇಜರುಗಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಅವರ ಹೆಮ್ಮೆಗೆ ಆಧಾರ ಕಡಿಮೆ. ಆಯ್ಕೆಯ ವಿಧಾನಕ್ಕೂ ಮುಂದೆ ಆ ವ್ಯಕ್ತಿ ಮಾಡುವ ಕೆಲಸದ ಗುಣಮಟ್ಟಕ್ಕೂ ಎಷ್ಟು ಸಂಬಂಧವಿದೆ ಎಂಬುದನ್ನು ಮನಶ್ಶಾಸ್ತ್ರಜ್ಞ ಪಾಲ್ ಸ್ಯಾಕೆಟ್ ಮತ್ತು ಸಂಗಡಿಗರು 2022ರಲ್ಲಿ ಹಳೆಯ ಅಧ್ಯಯನಗಳನ್ನೆಲ್ಲ ಮರಳಿ ಲೆಕ್ಕ ಹಾಕಿ ನೋಡಿದರು. ಸೊನ್ನೆ ಎಂದರೆ ಏನೂ ಸಂಬಂಧವಿಲ್ಲ, ಒಂದು ಎಂದರೆ ಪೂರ್ತಿ ಸಂಬಂಧ. ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿ, ಮೊದಲೇ ಗೊತ್ತುಮಾಡಿದ ಅಳತೆಯಲ್ಲಿ ಅಂಕ ಕೊಡುವ ಸಂದರ್ಶನಕ್ಕೆ 0.42 ಬಂತು, ಬಾಯಿಗೆ ಬಂದದ್ದನ್ನು ಕೇಳುವ ಸಂದರ್ಶನಕ್ಕೆ 0.19.

ಇನ್ನು ಆ ಹತ್ತು ಮಂದಿಯ ಮಾತು. ಆ ವರ್ಷ ನಿವೃತ್ತರಾಗಲಿದ್ದ ನಮ್ಮ ಸ್ಟೋರ್ ಕೀಪರ್, ನಾನು ಆರಿಸಿದ ಹತ್ತರ ಪಟ್ಟಿ ನೋಡಿ ಏನೂ ಹೇಳದೆ, ನಾನು ಬಿಟ್ಟ ರಾಶಿಯಿಂದ ಕಣ್ಣುಮುಚ್ಚಿ ನಾಲ್ಕನ್ನು ಎತ್ತಿಕೊಂಡು "ಇವರನ್ನೂ ಕರೀರಿ" ಎಂದರು. ಆಮೇಲೆ ಅವರದೇ ಒಂದು ಏರ್ಪಾಡು. ಒಂದು ಟ್ರೇನಲ್ಲಿ ಬೋಲ್ಟು, ವಾಷರು, ಬೇರಿಂಗು ಎಂದು 12 ಬಗೆಯ ಸಾಮಾನು, ಜೊತೆಗೆ ಒಂದು ಚಲನ್. ಅದರಲ್ಲಿ ಬೇಕೆಂದೇ ಎರಡು ತಪ್ಪು. ಇಪ್ಪತ್ತು ನಿಮಿಷದಲ್ಲಿ ತಾಳೆ ನೋಡಿ ಬಿನ್ ಕಾರ್ಡ್ ಬರೆಯಬೇಕು. ನನ್ನ ತಂದೆಯೂ ಆಲೆಮನೆಗೆ ಹೊಸ ಆಳು ಬಂದರೆ ಊರು ಕುಲ ವಿಚಾರಿಸುತ್ತಿದ್ದದ್ದು ಒಂದು ಕೊಪ್ಪರಿಗೆಗೆ ಉರಿ ಹಾಕಿಸಿ ನೋಡಿದ ಮೇಲೆಯೇ ಎಂಬುದು ಅಂದು ನೆನಪಾಯಿತು. ವಿಚಾರಿಸುತ್ತಲೇ ಇರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ.

ಹದಿನಾಲ್ಕು ಮಂದಿಯಲ್ಲಿ ಇಂಗ್ಲಿಷಿನಲ್ಲಿ ತಮ್ಮ ಪರಿಚಯವನ್ನು ಅರಳು ಹುರಿದಂತೆ ಹೇಳಿದ ಇಬ್ಬರು ಒಂದು ತಪ್ಪನ್ನೂ ಹಿಡಿಯಲಿಲ್ಲ. ಸ್ಟೋರ್ ಕೀಪರ್ ಎತ್ತಿದ್ದ ನಾಲ್ವರಲ್ಲಿ ಇಬ್ಬರು ಸಹ ಹಾಗೆಯೇ. ಒಬ್ಬ ಬರಲೇ ಇಲ್ಲ. ನಾಲ್ಕನೆಯವನು ಪಾಂಡವಪುರದ ಕಡೆಯ ಹುಡುಗ, ಮೂರು ವರ್ಷ ಖಾಲಿ ಬಿಟ್ಟಿದ್ದವನು. ಕೇಳಿದ್ದಕ್ಕೆ ಹೌದು, ಇಲ್ಲ ಎಂಬುದರ ಆಚೆಗೆ ಬಾಯಿ ಬಿಡಲಿಲ್ಲ. ಟ್ರೇಯ ಮುಂದೆ ಕೂತವನು ಮೊದಲು ಎಲ್ಲವನ್ನೂ ಬಗೆಬಗೆಯಾಗಿ ಸಾಲಾಗಿ ಜೋಡಿಸಿಕೊಂಡ, ಬೋಲ್ಟುಗಳನ್ನು ಐದೈದರ ಗುಂಪು ಮಾಡಿದ, ಎಣಿಸಿದ ಮೇಲೆ ಚಲನ್ ನೋಡಿದನೇ ಹೊರತು ಚಲನ್ ನೋಡಿ ಎಣಿಸಲಿಲ್ಲ. ಎರಡು ತಪ್ಪಿಗೂ ಸುತ್ತು ಹಾಕಿ, ಕೆಳಗೆ ಮೂರನೆಯ ಸುತ್ತೊಂದನ್ನು ಹಾಕಿದ್ದ. ಒಟ್ಟು ಮೊತ್ತದ ಕೂಡಿಕೆಯೇ ತಪ್ಪಾಗಿತ್ತು. ಅದು ನಾವು ಬೇಕೆಂದು ಮಾಡಿದ ತಪ್ಪಲ್ಲ. ಚಲನ್ ಬರೆದವನು ನಾನು.

ಆ ಮೂರು ವರ್ಷ ಏನು ಮಾಡುತ್ತಿದ್ದೆ ಎಂದು ಆಗ ಕೇಳಿದೆವು. ತಂದೆಗೆ ಲಕ್ವ ಹೊಡೆದು ಮಲಗಿದ್ದರಿಂದ ಮನೆಯಲ್ಲೇ ಉಳಿದು, ಊರಿನ ಹಾಲಿನ ಸಂಘದಲ್ಲಿ ಬೆಳಿಗ್ಗೆ ಸಂಜೆ ಹಾಲು ಅಳೆದು, ಲೀಟರು ಮತ್ತು ಫ್ಯಾಟ್ ಪುಸ್ತಕದಲ್ಲಿ ಬರೆಯುತ್ತಿದ್ದನಂತೆ. ಒಬ್ಬೊಬ್ಬರ ಲೆಕ್ಕದಲ್ಲಿ ನೂರು ಮಿಲಿ ಹೆಚ್ಚುಕಡಿಮೆಯಾದರೂ ಜಗಲಿಯ ಮೇಲೆಯೇ ಜಗಳ ಆಗುವ ಕೆಲಸ ಅದು. ಅರ್ಜಿಯಲ್ಲಿ ಏಕೆ ಬರೆಯಲಿಲ್ಲ ಎಂದರೆ, "ಅದು ಕೆಲ್ಸ ಅಲ್ವಲ್ಲ ಸಾರ್" ಎಂದ. ಬಯೋಡೇಟಾದಲ್ಲಿ ಯಾವುದು ಬರೆಯಲು ಯೋಗ್ಯ ಎಂಬುದನ್ನು ಅವನಿಗೆ ಕಲಿಸಿದವರು ನಾವೇ. ಆದರೂ ಮ್ಯಾನೇಜರ್ ಸುಲಭಕ್ಕೆ ಒಪ್ಪಲಿಲ್ಲ, ಹುಡುಗ ಮಂಕು ಎಂದರು. ಟ್ರೇ ಪರೀಕ್ಷೆಯ ಅಂಕಗಳು ಕಾಗದದ ಮೇಲೆ ಇದ್ದದ್ದರಿಂದ ಮಾತು ಮುಂದುವರಿಯಲಿಲ್ಲ. ಹುಡುಗ ಈಗ ಚೆನ್ನಾಗಿಯೇ ಮಾಡುತ್ತಿದ್ದಾನೆ. ಮಳೆಗಾಲದಲ್ಲಿ ವಾರಕ್ಕೆರಡು ದಿನ ತಡವಾಗಿ ಬರುತ್ತಾನೆ, ಅದನ್ನೂ ಹೇಳಿಬಿಡುತ್ತೇನೆ.

ಈಚೆಗೆ ದೊಡ್ಡ ಕಂಪನಿಗಳಲ್ಲಿ ಅರ್ಜಿ ಜಾಲಿಸುವ ಕೆಲಸವನ್ನು ಕಂಪ್ಯೂಟರಿಗೆ ಒಪ್ಪಿಸುತ್ತಾರೆ. ಅದಕ್ಕೆ ಮುಖ ನೋಡುವ ಚಪಲವಿಲ್ಲವಲ್ಲ ಎಂಬ ಸಮಾಧಾನ ನನಗೂ ಇತ್ತು. ಅಮೆಜಾನ್ ತಯಾರಿಸಿದ್ದ ಇಂಥದೊಂದು ವ್ಯವಸ್ಥೆ, ಹಿಂದಿನ ಹತ್ತು ವರ್ಷಗಳ ಅರ್ಜಿಗಳಿಂದ ಪಾಠ ಕಲಿತು, ಮಹಿಳೆಯರ ಎಂಬ ಪದ ಕಂಡ ಅರ್ಜಿಗಳನ್ನು ಕೆಳಗೆ ತಳ್ಳುತ್ತಿತ್ತೆಂದೂ ಅದನ್ನು ಕೈಬಿಡಬೇಕಾಯಿತೆಂದೂ 2018ರಲ್ಲಿ ವರದಿಯಾಯಿತು. ಹೆಣ್ಣುಮಕ್ಕಳಿಗೆ ಮೇಜಿನಾಚೆಯಿಂದ ಬರುವ ಪ್ರಶ್ನೆಗಳ ಬಗ್ಗೆ ಉದ್ದಕ್ಕೆ ಬರೆಯಬಹುದು, ಒಂದನ್ನಷ್ಟೇ ಹೇಳುತ್ತೇನೆ. ನಮ್ಮ ವಿಭಾಗಕ್ಕೆ ಬಂದ ಹುಡುಗಿಯೊಬ್ಬಳಿಗೆ ಮದುವೆ ಯಾವಾಗ ಎಂದು ಕೇಳಿದ್ದು ನಾನೇ, ತಮಾಷೆಯ ದನಿಯಲ್ಲಿ. ನೇಮಕಾತಿಯಲ್ಲಿ ಹೆಣ್ಣೆಂಬ ಕಾರಣಕ್ಕೆ ಭೇದ ಮಾಡಬಾರದೆಂದು 1976ರ ಸಮಾನ ವೇತನ ಕಾಯ್ದೆಯಲ್ಲೇ ಇತ್ತು ಎಂಬುದು ನನಗೆ ಗೊತ್ತಿರಲಿಲ್ಲವೆಂದಲ್ಲ. ಅವಳು ನಗಲಿಲ್ಲ. "ಸಾರ್, ಜಿಎಸ್‌ಟಿ ಬಗ್ಗೆ ಕೇಳಿ" ಎಂದಳು.

ನಮ್ಮ ಅರ್ಜಿ ನಮೂನೆಯ ಮೊದಲ ಪುಟದಲ್ಲಿ, ಹೆಸರು ಮತ್ತು ಹುಟ್ಟಿದ ದಿನಾಂಕದ ಕೆಳಗೆ, ತಂದೆಯ ಉದ್ಯೋಗ ಎಂಬ ಕಾಲಂ ಇದೆ. ಅದನ್ನು ತೆಗೆಸಬೇಕೆಂದು ಬರೆದುಕೊಟ್ಟೆ. ಆಡಳಿತ ವಿಭಾಗದವರು ಒಳ್ಳೆಯ ಸಲಹೆ ಎಂದು ಮೆಚ್ಚಿ, ಆದರೆ ಹಳೆಯ ಫಾರಂ ಇನ್ನೂ ನಾಲ್ಕು ಕಟ್ಟು ಉಳಿದಿವೆ, ಅವು ಮುಗಿದ ಮೇಲೆ ಹೊಸದು ಅಚ್ಚು ಹಾಕಿಸೋಣ ಎಂದರು. ಒಂದು ಕಟ್ಟಿಗೆ ನೂರು. ಈಗ ಸಂದರ್ಶನ ಇರುವ ದಿನ ಸ್ವಲ್ಪ ಬೇಗ ಬಂದು, ಸ್ಟೋರ್ಸಿನ ಹುಡುಗನಿಂದ ಒಂದು ಸ್ಕೇಲು ತೆಗೆದುಕೊಂಡು, ಬೇಕಾದಷ್ಟು ಹಾಳೆಗಳಲ್ಲಿ ಆ ಸಾಲನ್ನು ಕೈಯಲ್ಲೇ ಹೊಡೆದುಹಾಕುತ್ತಿದ್ದೇನೆ.