ಅಂಬಾಸಡರಿನ ಹೊಟ್ಟೆಗೆ ಬಿದ್ದ ಏಟು

ನಮ್ಮ ತೋಟದ ದಾರಿಯ ನಡುವೆ ಒಂದು ಕಲ್ಲಿದೆ. ಪ್ರತಿ ಮಳೆಗಾಲವೂ ಮಣ್ಣು ಕೊಚ್ಚಿಹೋಗಿ ಅದು ಇನ್ನಷ್ಟು ಮೇಲೆದ್ದಿರುತ್ತದೆ. ಈ ಸೆಪ್ಟೆಂಬರಿನಲ್ಲಿ ಕೊಡಗಿನ ಕೈಲ್‌ಪೊಳ್ದ್ ಹಬ್ಬಕ್ಕೆ ನೆಂಟರನ್ನು ತುಂಬಿಕೊಂಡು ಬರುವಾಗ ಅಪ್ಪನ 1978ರ ಅಂಬಾಸಡರ್ ಅದಕ್ಕೆ ಬಡಿಯಿತು. ಠಣ್ ಅಂತ ಒಂದೇ ಸದ್ದು.

ಬಗ್ಗಿ ನೋಡಿದೆ. ಒಂದು ಹನಿ ಆಯಿಲ್ ಸೋರಿರಲಿಲ್ಲ. ಸದ್ಯ, ಬಚಾವಾದೆವು ಅಂದುಕೊಂಡೆ.

ಮಾರನೇ ದಿನ ಗೋಣಿಕೊಪ್ಪಕ್ಕೆ ಹೊರಟಾಗ, ಆಯಿಲ್ ಒತ್ತಡ ಕಮ್ಮಿಯಾದರೆ ಹತ್ತುವ ಆಯಿಲ್ ಲೈಟ್ ಮಿನುಗತೊಡಗಿತು. ಐಡಲ್‌ನಲ್ಲಿ ಆರುತ್ತಿತ್ತು, ರೇಸ್ ಮಾಡಿದರೆ ಹತ್ತುತ್ತಿತ್ತು. ಬೇರಿಂಗ್ ಸವೆದಿದ್ದರೆ ಇದಕ್ಕೆ ಉಲ್ಟಾ ಇರುತ್ತದೆ, ಅಲ್ವಾ? ಅಲ್ಲೇ ಎಂಜಿನ್ ಆಫ್ ಮಾಡಿದೆ. ಪಕ್ಕದ ತೋಟದ ಜೀಪಿಗೆ ಹಗ್ಗ ಕಟ್ಟಿಸಿ ಗ್ಯಾರೇಜಿಗೆ ಎಳೆಸಿದೆ.

"ಸೋರಲಿಲ್ಲ ಅಂದ್ರೆ ಸರಿ ಇದೆ ಅಂತ ಅಲ್ಲ ಮೋಳೇ," ಅಂದರು ಟಿಂಕರ್ ಕಾಕ. ಮೋಳೇ ಅಂದರೆ ಮಗಳೇ; ಚಿಕ್ಕಂದಿನಿಂದ ಅವರು ನನ್ನನ್ನು ಕರೆಯುವುದೇ ಹಾಗೆ.

ಎಂಜಿನ್ನಿನ ಅಡಿಯಲ್ಲಿ ಆಯಿಲ್ ನಿಲ್ಲುವ ತಗಡಿನ ತೊಟ್ಟಿಯೇ ಚೇಂಬರ್. ಅದರ ತಳದಿಂದ ಸ್ವಲ್ಪವೇ ಮೇಲೆ ಸ್ಟ್ರೇನರ್, ಅಂದರೆ ಸೋಸುವ ಜಾಲರಿ, ಇರುತ್ತದೆ. ಪಂಪು ಆಯಿಲ್ ಎಳೆಯುವುದು ಅದರ ಮೂಲಕ. ತಳ ಒಳಗೆ ತಗ್ಗಿದರೆ ಸ್ಟ್ರೇನರಿನ ಬಾಯಿ ಮುಕ್ಕಾಲು ಮುಚ್ಚಿದಂತಾಗುತ್ತದೆ. ನಿಧಾನಕ್ಕೆ ಓಡುವಾಗ ಸಾಕಾಗುವ ಆಯಿಲ್, ಜೋರಾಗಿ ಓಡುವಾಗ ಸಾಲುವುದಿಲ್ಲ. ಚೇಂಬರ್ ಕಳಚಿದಾಗ ಕಣ್ಣಾರೆ ಕಂಡೆ: ತಗ್ಗಿನ ನೆತ್ತಿಯ ಮೇಲೆ, ಕಪ್ಪು ಜಿಡ್ಡಿನ ನಡುವೆ, ಸ್ಟ್ರೇನರ್ ಉಜ್ಜಿದ ಬಳೆಯಂಥ ಹೊಳೆಯುವ ಗುರುತು. ಇನ್ನೂ ಹತ್ತು ಕಿಲೋಮೀಟರ್ ಓಡಿಸಿದ್ದರೆ ಬೇರಿಂಗ್ ಶೆಲ್‌ಗಳ ಗತಿ ಏನಾಗುತ್ತಿತ್ತೋ.

ಸೀಮೆಎಣ್ಣೆಯಲ್ಲಿ ತೊಳೆದು, ಮರಳು ತುಂಬಿದ ಕಾಫಿ ಗೋಣಿಯ ಮೇಲೆ ಚೇಂಬರ್ ಇಟ್ಟು, ಕಾಕ ಒಳಗಡೆಯಿಂದ ಮರದ ಸುತ್ತಿಗೆಯಲ್ಲಿ ತಟ್ಟಿದರು. ತಗ್ಗಿನ ಅಂಚಿನಿಂದ ಶುರು ಮಾಡಿ ಸುತ್ತ ಬರುತ್ತಾ ಕೊನೆಗೆ ನಡುವಿಗೆ. ಗಡಿಬಿಡಿಯಲ್ಲಿ ನಡುವಿಗೇ ಹೊಡೆದರೆ ತಗಡು ಹಿಗ್ಗಿ ಬಿರುಕು ಬಿಡುತ್ತದೆ. ಆಮೇಲೆ ಹೊರಗೆ ಚಾಕ್ ಪುಡಿ ಬಳಿದು ಒಳಗೆ ಸೀಮೆಎಣ್ಣೆ ಹುಯ್ದು ರಾತ್ರಿಯಿಡೀ ಬಿಟ್ಟರು. ಬೆಳಿಗ್ಗೆ ಬಿಳಿ ಪುಡಿಯ ಮೇಲೆ ಕೂದಲೆಳೆಯಷ್ಟು ಒದ್ದೆ ಗೆರೆ! ಅದನ್ನು ಚೆನ್ನಾಗಿ ತೊಳೆದು, ಒಣಗಿಸಿ, ಹಿತ್ತಾಳೆ ಕರಗಿಸಿ ಬೆಸೆಯುವ ಬ್ರೇಜಿಂಗ್ ಮಾಡಿಸಿದೆವು.

ಇಷ್ಟಾದ ಮೇಲೂ ಜಾಸ್ತಿ ಹೊತ್ತು ಹಿಡಿದದ್ದು ಚೇಂಬರಿನ ಅಂಚು. ಹಳೇ ಮೆಕ್ಯಾನಿಕ್‌ಗಳು ಬೋಲ್ಟುಗಳನ್ನು ಬಿಗಿದೂ ಬಿಗಿದೂ ತೂತುಗಳ ಸುತ್ತ ತಗಡು ಉಬ್ಬಿತ್ತು. ಗಾಜಿನ ಮೇಲೆ ಬೋರಲು ಇಟ್ಟು, ಬೆಳಕು ನುಸುಳುವ ಜಾಗವನ್ನೆಲ್ಲ ಒಂದೊಂದಾಗಿ ತಟ್ಟಿ ಸಮ ಮಾಡಿದೆವು. ಇದನ್ನು ಬಿಟ್ಟು ಸುಮ್ನೆ ಎಂಜಿನ್ನಿಗೂ ಚೇಂಬರಿಗೂ ನಡುವೆ ಹೊಸ ಪ್ಯಾಕಿಂಗ್ ಹಾಕಿದರೆ ಖಂಡಿತ ಸೋರುತ್ತದೆ. ಈ ಎಂಜಿನ್ನಿಗೆ ಹಿಂದೆ ಮುಂದೆ ಕಮಾನಿನಂಥ ಕಾರ್ಕ್ ಪಟ್ಟಿಗಳೂ ಬರುತ್ತವೆ. ಅವು ಜಾರದಂತೆ ನಾನು ಬೆರಳಲ್ಲಿ ಒತ್ತಿ ಹಿಡಿದೆ, ಕಾಕ ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿದರು.

ಹೊಸ ಆಯಿಲ್ ಹಾಕಿ ಸ್ಟಾರ್ಟ್ ಮಾಡಿದೆ. ಲೈಟ್ ಆರಿತು. ರೇಸ್ ಮಾಡಿದೆ. ಹತ್ತಲಿಲ್ಲ. ಅಪ್ಪ ಬಾನೆಟ್ ಮೇಲೆ ಅಂಗೈ ಇಟ್ಟುಕೊಂಡು ಸುಮಾರು ಹೊತ್ತು ಹಾಗೇ ನಿಂತಿದ್ದರು.

ಕಲ್ಲನ್ನು ಹಾರೆ ಹಾಕಿ ಎಬ್ಬಿಸಲು ನೋಡಿದೆವು. ಅದು ಬಂಡೆಯ ತುದಿ, ಅಲ್ಲಾಡಲಿಲ್ಲ. ಸದ್ಯಕ್ಕೆ ಸುಣ್ಣ ಬಳಿದಿದ್ದೇವೆ.