ಕಾಲುಗಂಟು

ಜುಲೈ 22, 2025, ಮಂಗಳವಾರ
ಉಡುಪಿ

ಮಳೆ ಬಿಡುವ ಲಕ್ಷಣವೇ ಇಲ್ಲ. ಒಗೆದ ಬಟ್ಟೆ ಮೂರು ದಿನದಿಂದ ಚಾವಡಿಯಲ್ಲೇ ನೇತಾಡುತ್ತಿದೆ. ಇವತ್ತು ಬೆಳಿಗ್ಗೆ ಕಟ್ಟೆ ಒರೆಸಲಿಕ್ಕೆ ಅಂತ ಟವೆಲಿನ ಅಡಿಯಿಂದ ಒಂದು ಮಡಚಿದ ಬಟ್ಟೆ ಎಳೆದೆ. ಹಳೆ ವಾಯಿಲ್ ಸೀರೆಯ ತುಂಡು, ನಾಲ್ಕು ಪದರ ಮಾಡಿ ಅಂಚು ಹೊಲಿದದ್ದು. ಅತ್ತಿಗೆ ಓಡಿ ಬಂದು ಕಿತ್ತುಕೊಂಡರು. ಅವರು ಕಿತ್ತುಕೊಂಡ ರಭಸಕ್ಕೇ ನನಗೆ ವಿಷಯ ಗೊತ್ತಾಯಿತು, ಮೂತ್ರ ಸೋರುವುದಕ್ಕೆ ಇಟ್ಟುಕೊಂಡ ಬಟ್ಟೆ.

ಆಗ ಏನೂ ಕೇಳಲಿಲ್ಲ. ಮಧ್ಯಾಹ್ನ ಪತ್ರೊಡೆಗೆ ಕೆಸುವಿನ ಎಲೆಯ ನಾರು ತೆಗೆಯುತ್ತಾ ಕೂತಾಗ, ಎಲೆ ನೋಡುತ್ತಲೇ ಕೇಳಿದೆ, ಎಷ್ಟು ಸಮಯದಿಂದ ಅತ್ತಿಗೆ?

"ಸಣ್ಣವನು ಹುಟ್ಟಿದ ಮೇಲೆ ಸ್ವಲ್ಪ ಸ್ವಲ್ಪ ಇತ್ತು. ಈಗ ಕೆಮ್ಮಿದರೂ ಆಗ್ತದೆ, ಕೊಡಪಾನ ಎತ್ತಿದರೂ ಆಗ್ತದೆ. ಹೊರಗಿಂದ ಬಂದು ಬಾಗಿಲಿಗೆ ಬೀಗದಕೈ ಹಾಕುವಾಗಂತೂ ತಡೆಯಲಿಕ್ಕೇ ಆಗುದಿಲ್ಲ ಮಾರಾಯ್ತಿ."

ಸಣ್ಣವನಿಗೆ ಈಗ 31 ವರ್ಷ!

ಮೇ ತಿಂಗಳಲ್ಲಿ ಮಂಗಳೂರಿನ ಮದುವೆಗೆ ಕಾಲುಗಂಟು ನೋವು ಅಂತ ಬರಲಿಲ್ಲವಲ್ಲ, ಕಾರಣ ಇದಂತೆ. ಎಕ್ಸ್‌ಪ್ರೆಸ್ ಬಸ್ಸು ಹತ್ತಿದರೆ ಪಡುಬಿದ್ರಿ ದಾಟುವಾಗ ಅವಸರವಾದರೆ ಯಾರ ಹತ್ತಿರ ಹೇಳುವುದು? ಎಲ್ಲಿಗಾದರೂ ಹೋಗಲೇಬೇಕಾದರೆ ಹಿಂದಿನ ರಾತ್ರಿಯಿಂದಲೇ ನೀರು ಕುಡಿಯುವುದಿಲ್ಲವಂತೆ. ಅಲ್ಲಿ ಸ್ವಲ್ಪ ಬೈದೆ. ನೀರು ತೀರಾ ಕಡಿಮೆಯಾದರೆ ಮೂತ್ರ ಗಟ್ಟಿಯಾಗಿ ಚೀಲಕ್ಕೆ ಇನ್ನೂ ಉರಿ, ಅವಸರವೂ ಜಾಸ್ತಿ. ಮಲಬದ್ಧತೆಯೂ ಶುರುವಾಗುತ್ತದೆ, ಮುಕ್ಕಿದರೆ ಕೆಳಗಿನ ಸ್ನಾಯು ಇನ್ನಷ್ಟು ಸಡಿಲ. ನೀರು ಬಿಟ್ಟವರು ಕಾಫಿಯನ್ನಾದರೂ ಕಡಿಮೆ ಮಾಡಿದ್ದಾರಾ? ದಿನಕ್ಕೆ ನಾಲ್ಕು ಲೋಟ, ಅದೂ ಸ್ಟ್ರಾಂಗ್.

ಬೈದು ಮುಗಿಸಿ, ನನಗೂ ಉಂಟು ಅಂದೆ. ಅತ್ತಿಗೆಯ ಕೈಯಲ್ಲಿದ್ದ ಕತ್ತಿ ನಿಂತಿತು. ಎರಡು ವರ್ಷದ ಹಿಂದೆ ರೇಷನ್ ಕ್ಯೂನಲ್ಲಿ ಸೀನಿದಾಗ ಆದದ್ದು, ಇವರಿಗೂ ಹೇಳದೆ ಡಾಕ್ಟರ ಹತ್ತಿರ ಹೋದದ್ದು ಎಲ್ಲ ಹೇಳಿದೆ. ಅವರು ಮೊದಲು ಮೂತ್ರದಲ್ಲಿ ಸೋಂಕು ಉಂಟಾ, ಸಕ್ಕರೆ ಉಂಟಾ ನೋಡಿದರು. ಮೂರು ದಿನ ಎಷ್ಟು ಕುಡಿದೆ, ಯಾವಾಗ ಹೋದೆ, ಯಾವಾಗ ಸೋರಿತು ಅಂತ ಬರೆದಿಡಲು ಹೇಳಿದರು. ಕೆಮ್ಮಿದಾಗ ಹನಿಯುವುದು ಬೇರೆ, ಅವಸರವಾಗಿ ತಡೆಯಲಾಗದೆ ಹೋಗುವುದು ಬೇರೆ. ಅತ್ತಿಗೆ ಹೇಳುವುದು ನೋಡಿದರೆ ಎರಡೂ ಸೇರಿದ ಹಾಗಿದೆ.

ಆಮೇಲೆ ಫಿಸಿಯೋಥೆರಪಿಯವಳು ವ್ಯಾಯಾಮ ಕಲಿಸಿದಳು. ಗಾಳಿ ಹೊರಗೆ ಹೋಗದ ಹಾಗೆ ತಡೆಯುತ್ತೇವಲ್ಲ, ಹಾಗೆ ಒಳಗಿನಿಂದ ಬಿಗಿ ಹಿಡಿದು ಮೇಲೆ ಎಳೆಯಬೇಕು, ಐದು ಎಣಿಸಿ ಬಿಡಬೇಕು. ಒಂದು ಸಲಕ್ಕೆ ಎಂಟು ಹತ್ತು ಬಾರಿ, ದಿನಕ್ಕೆ ಮೂರು ಸಲ, ಕನಿಷ್ಠ ಮೂರು ತಿಂಗಳು. ಕೆಮ್ಮು ಬರುತ್ತದೆ ಅನ್ನುವಾಗಲೇ ಒಮ್ಮೆ ಬಿಗಿ ಹಿಡಿದರೆ ಹನಿಯುವುದು ನಿಲ್ಲುತ್ತದೆ, ನನಗೆ ಜಾಸ್ತಿ ಉಪಯೋಗ ಆದದ್ದು ಅದೇ. ಮೂರನೇ ತಿಂಗಳಲ್ಲಿ ಜೋರಾಗಿ ಸೀನಿ ಏನೂ ಆಗದಿದ್ದಾಗ ಒಬ್ಬಳೇ ನಕ್ಕಿದ್ದೆ. ಆಮೇಲೆ ಸೋಮಾರಿತನದಿಂದ ಬಿಟ್ಟೆ, ಪುನಃ ಶುರುವಾಯಿತು, ಅದು ಬೇರೆ ಕಥೆ.

"ಇದಕ್ಕೆ ಹೆಸರು ಎಂತದು?" ಅಂದರು. ಕೆಗೆಲ್, 1948ರಲ್ಲಿ ಇದರ ಬಗ್ಗೆ ಬರೆದ ಅಮೆರಿಕದ ಡಾಕ್ಟರ ಹೆಸರು ಅಂದೆ. "ಗಂಡಸಾ?" ಹೌದು. "ಅವನಿಗೆ ಹೇಗೆ ಗೊತ್ತಾಯಿತಪ್ಪ!"

ಅಲ್ಲೇ ಕೂತು ಮಾಡಿ ನೋಡಿದರು. ಉಸಿರು ಕಟ್ಟಿ, ಕಣ್ಣು ಅಗಲ ಮಾಡಿ, ಮುಖ ಕೆಂಪು. ಉಸಿರು ಬಿಡಿ ಅತ್ತಿಗೆ, ಹೊಟ್ಟೆ ಬಿಗಿಯಬೇಡಿ ಅನ್ನುವಷ್ಟರಲ್ಲಿ ನನಗೆ ನಗು ಬಂತು, ಅವರಿಗೂ ಬಂತು. "ಥೂ, ನಗಿಸಬೇಡ!" ಅಂತ ಎಲೆ ಬಿಸಾಡಿ ಬಚ್ಚಲಿಗೆ ಓಡಿದರು.

ಶುಕ್ರವಾರ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು. ಅಣ್ಣನಿಗೆ ಗೊತ್ತಾಗಬಾರದಂತೆ, ಕಾಲುಗಂಟು ತೋರಿಸಲಿಕ್ಕೆ ಅಂತ ಹೇಳಬೇಕಂತೆ. ಸರಿ ಅಂದೆ.

ಈಗ ಮಲಗುವಾಗ ಅಮ್ಮನ ನೆನಪು. ಕೊನೆಯ ಕೆಲವು ವರ್ಷ ಅಮ್ಮ ಕೃಷ್ಣ ಮಠಕ್ಕೆ ಬರುವುದನ್ನೇ ಬಿಟ್ಟಿದ್ದರು, ಎಷ್ಟು ಕರೆದರೂ ಇಲ್ಲ. ಕಾಲುಗಂಟು ಅನ್ನುತ್ತಿದ್ದರು. ನಾನು ದಿನಾ ರಾತ್ರಿ ಎಣ್ಣೆ ಬಿಸಿ ಮಾಡಿ